ವಿವಾಹವಿಚ್ಛೇದನದ ಕ್ರಮವೂ ಕುಟುಂಬ ನ್ಯಾಯಾಲಯದಲ್ಲಿ ವಕೀಲನ ಸ್ಥಾನವೂ

ಹಿಂದೂಗಳಲ್ಲಿ ವಿವಾಹವಿಚ್ಛೇದನವೆಂಬುದು ಪಾಶ್ಚಾತ್ಯ ನ್ಯಾಯಪದ್ಧತಿಯಿಂದ ಬಂದ ಹೊಸ ವಸ್ತುವೆಂಬ ಭಾವನೆಯು ವಿದ್ಯಾವಂತರಲ್ಲಿಯೂ ಉಂಟು. ಮೈಸೂರಿನ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಬೆಳಕಿಗೆ ತಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ನೋಡಿದವರಲ್ಲಿ ಈ ಭಾವನೆ ನಿಲ್ಲದು. ಆ ಗ್ರಂಥದ ಮೂರನೆಯ ಅಧಿಕರಣದಲ್ಲಿ ದಂಪತಿಗಳ ಬಿಡುಗಡೆಗೆ ಮೋಕ್ಷವೆಂದು ಹೆಸರು. ಪರಸ್ಪರ ದ್ವೇಷವಿದ್ದಲ್ಲಿ ಮೋಕ್ಷವುಂಟು. ಧರ್ಮವಿವಾಹಗಳಿಗೆ ಮಾತ್ರ ಅದು ಸಲ್ಲದು. ಇದಕ್ಕಿಂತಲೂ ಗಮನಾರ್ಹವಾದುದು ಮತ್ತೊಂದು. ಹೆಂಡತಿಯ ಅಪಚಾರದಿಂದ ಗಂಡನು ಬಿಡುಗಡೆಯನ್ನು ಬಯಸಿದರೆ ಅವಳಿಂದ ಪಡೆದುದನ್ನು ಹಿಂದಿರುಗಿಸಬೇಕು. ಗಂಡನ ಅಪಚಾರದಿಂದ ಹೆಂಡತಿಯು ಬಯಸಿದರೆ ಅವಳಿಗೆ ಅದು ಮರಳಿ ಬರುವುದಿಲ್ಲ. ವಿಧಿಯು ನ್ಯಾಯವಾಗಿ ತೋರದಿದ್ದರೂ, ಬಿಡುಗಡೆಯ ಪ್ರಶ್ನೆಯೂ ಯಾರು ಏನನ್ನು ಕೊಂಡೊಯ್ಯುವರೆಂಬ ಪ್ರಶ್ನೆಯೂ ಬೇರ್ಪಡಲಾರವೆಂಬುದು ಇದರಿಂದ ವ್ಯಕ್ತವಾಗುವುದು. ಇಂದಿನ ವಕೀಲನ ಮುಖ್ಯವಾದ ಕೆಲಸವಿರುವುದೂ ಈ ಎರಡನೆಯ ಪ್ರಶ್ನೆಯಲ್ಲಿಯೇ.

ಕನ್ನಡ ನಾಡಿನ ಅನೇಕ ಜಾತಿಗಳಲ್ಲಿ ಬಿಡುಗಡೆಯೂ, ಉಡಿಕೆ ಕೂಡಿಕೆಗಳೆಂಬ ಮರುಮದುವೆಗಳೂ ಕುಲದ ಹಿರಿಯರ ಸಮಕ್ಷಮದಲ್ಲಿ ನಡೆದುಬಂದುವು. ಶಾಸನದ ಮೂಲಕ ವಿಚ್ಛೇದನದ ಹಕ್ಕು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ ಮೊದಲಾದ ಜಿಲ್ಲೆಗಳಿಗೆ 1947ರಲ್ಲಿಯೂ, ಮದರಾಸು ಪ್ರಾಂತದ ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳಿಗೆ 1949ರಲ್ಲಿಯೂ ದೊರೆಯಿತು. ಮೈಸೂರು ಸಂಸ್ಥಾನದ 1933ರ ಕಾನೂನು ಹಿಂದೂ ಸ್ತ್ರೀಯರಿಗೆ ಆಸ್ತಿಯ ಹಕ್ಕನ್ನು ವಿಸ್ತರಿಸಿತೇ ಹೊರತು ವಿಚ್ಛೇದನದವರೆಗೆ ಹೋಗಲಿಲ್ಲ. 1955ರ ಹಿಂದೂ ವಿವಾಹ ಅಧಿನಿಯಮವು ಎಲ್ಲರಿಗೂ ಒಂದೇ ವಿಧಿಯನ್ನು ಮಾಡಿತಾದರೂ, ರೂಢಿಯಿಂದ ಸಿದ್ಧವಾದ ವಿಚ್ಛೇದನವನ್ನು ತನ್ನ 29ನೆಯ ಪ್ರಕರಣದಲ್ಲಿ ಉಳಿಸಿಕೊಂಡಿತು. ಈ ಉಳಿಕೆಯೇ ಅನೇಕರನ್ನು ದಾರಿತಪ್ಪಿಸಿದೆ. ಛಾಪಾ ಕಾಗದದ ಮೇಲೆ ಬಿಡುಗಡೆ ಪತ್ರವನ್ನು ಬರೆಯಿಸಿ ಪಂಚರ ರುಜು ಹಾಕಿಸಿದರೆ ವಿವಾಹವು ಹರಿಯಿತೆಂದು ನಂಬುವವರು ಇಂದಿಗೂ ಕಡಮೆಯಿಲ್ಲ. ಆ ಜಾತಿಯಲ್ಲಿ ಅಂತಹ ರೂಢಿಯು ಬಹುಕಾಲದಿಂದ ಎಡೆಬಿಡದೆ ಇದ್ದಿತೆಂದು ಸಾಕ್ಷ್ಯದಿಂದ ಸಿದ್ಧಪಡಿಸದಿದ್ದರೆ ಪತ್ರಕ್ಕೆ ಬೆಲೆಯಿಲ್ಲ; ಅದನ್ನು ನಂಬಿ ಮಾಡಿಕೊಂಡ ಎರಡನೆಯ ಮದುವೆಯು ಅಸಿಂಧುವಾಗುವುದಲ್ಲದೆ ದಂಡನೀಯವೂ ಆಗುವುದು. ಕಕ್ಷಿಗಾರನಿಗೆ ಇದನ್ನು ಮೊದಲ ದಿನವೇ ತಿಳಿಸುವುದು ವಕೀಲನ ಕರ್ತವ್ಯ.

ಅಧಿನಿಯಮದಲ್ಲಿ ಮಾರ್ಗಗಳು ಎರಡು. ಒಂದನೆಯದರಲ್ಲಿ ಕ್ರೌರ್ಯ, ಎರಡು ವರ್ಷಗಳ ಪರಿತ್ಯಾಗ, ವ್ಯಭಿಚಾರ ಮೊದಲಾದ ಕಾರಣವೊಂದನ್ನು ಒಬ್ಬರು ಇನ್ನೊಬ್ಬರ ಮೇಲೆ ಸ್ಥಾಪಿಸಬೇಕು. ಬರಿಯ ಮನಸ್ತಾಪ ಸಾಲದು. ದಿನ, ಸ್ಥಳ, ಸಾಕ್ಷಿ ಬೇಕು. ಹತ್ತು ವರ್ಷಗಳ ದುಃಖವನ್ನು ಈ ಮೂರಕ್ಕೆ ಇಳಿಸಿ ಅರ್ಜಿಯನ್ನು ಬರೆಯುವುದು ಸುಲಭವಲ್ಲ. ವಿವಾಹವು ಸರಿಪಡಿಸಲಾರದಷ್ಟು ಮುರಿದಿದೆಯೆಂಬುದು ಅಧಿನಿಯಮದಲ್ಲಿ ಹೇಳಿದ ಕಾರಣವಲ್ಲ. ಆ ನೆಲೆಯಿಂದ ವಿಚ್ಛೇದನವನ್ನು ಕೊಡಲು ಸರ್ವೋಚ್ಚ ನ್ಯಾಯಾಲಯಕ್ಕೆ ಸಂವಿಧಾನದ 142ನೆಯ ಅನುಚ್ಛೇದದಲ್ಲಿ ಅಧಿಕಾರವಿರುವುದೆಂದು 2023ರಲ್ಲಿ ಸಂವಿಧಾನ ಪೀಠವು ನಿರ್ಣಯಿಸಿತು. ಎರಡನೆಯ ಮಾರ್ಗವು 1976ರ ತಿದ್ದುಪಡಿಯಿಂದ ಬಂದ ಪರಸ್ಪರ ಸಮ್ಮತಿಯದು.

1984ರ ಕುಟುಂಬ ನ್ಯಾಯಾಲಯಗಳ ಅಧಿನಿಯಮದ 13ನೆಯ ಪ್ರಕರಣದಂತೆ ವಕೀಲನ ಮೂಲಕ ವಾದಿಸುವುದು ಕಕ್ಷಿಗಾರನ ಹಕ್ಕಲ್ಲ. ಕಾನೂನುಬಲ್ಲವರ ನೆರವು ಬೇಕೆಂದು ತೋರಿದರೆ ನ್ಯಾಯಾಲಯವು ಒಬ್ಬರನ್ನು ತನ್ನ ಸಹಾಯಕ್ಕೆ ಕರೆಯಿಸಿಕೊಳ್ಳಬಹುದು. ವಾಗ್ವಾದವು ಒಡಕನ್ನು ಹೆಚ್ಚಿಸುವುದು, ಸಮಾಲೋಚನೆಯು ಕೂಡಿಸುವುದು ಎಂಬುದು ಇದರ ಹಿಂದಿನ ಅಭಿಪ್ರಾಯ. ಅಭಿಪ್ರಾಯವು ಒಳ್ಳೆಯದೇ. ಆದರೆ ಓದುಬರಹ ಬಾರದ ಹೆಂಡತಿಯೂ ವ್ಯವಹಾರಕುಶಲನಾದ ಗಂಡನೂ ವಕೀಲರಿಲ್ಲದೆ ಎದುರುಬದುರಾಗಿ ನಿಂತಲ್ಲಿ ಸಮತೆಯಿರುವುದಿಲ್ಲ. ಅನುಮತಿಯನ್ನು ಬೇಡಿದರೆ ನ್ಯಾಯಾಲಯಗಳು ಸಾಮಾನ್ಯವಾಗಿ ಕೊಡುವುದಕ್ಕೆ ಇದೂ ಒಂದು ಕಾರಣವಾಗಿರಬೇಕು.

ಸಮ್ಮತಿಯ ವಿಚ್ಛೇದನದಲ್ಲಿ ವಾದವೇ ಇಲ್ಲ, ವಕೀಲನೇಕೆ ಎಂಬ ಪ್ರಶ್ನೆ ಸಹಜ. ವಾಸ್ತವದಲ್ಲಿ ಅವನು ಅತ್ಯಂತ ಅವಶ್ಯಕನಾಗಿರುವುದು ಇಲ್ಲಿಯೇ. ಒಂದು ವರ್ಷವಾದರೂ ಬೇರೆಯಾಗಿದ್ದ ದಂಪತಿಗಳು ಜಂಟಿಯಾಗಿ ಅರ್ಜಿಯನ್ನಿಟ್ಟು, ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳೊಳಗಾಗಿ ಮತ್ತೆ ಬಂದು ಕೇಳಿಕೊಳ್ಳಬೇಕು. ಆರು ತಿಂಗಳ ಕಾಯುವಿಕೆಯನ್ನು ತಕ್ಕ ಸಂದರ್ಭದಲ್ಲಿ ನ್ಯಾಯಾಲಯವು ಬಿಡಬಹುದೆಂದು 2017ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿತು. ಡಿಕ್ರಿಯಾಗುವವರೆಗೆ ಒಬ್ಬರು ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದೆಂದು 1991ರ ತೀರ್ಪು. ಆದುದರಿಂದ ಹಣವನ್ನೆಲ್ಲ ಮೊದಲೇ ಕೊಟ್ಟ ಗಂಡನೂ, ಡಿಕ್ರಿಯಾದ ಮೇಲೆ ಕೊಡುವನೆಂಬ ಮಾತನ್ನು ನಂಬಿದ ಹೆಂಡತಿಯೂ ಸಮಾನವಾಗಿ ಅಪಾಯದಲ್ಲಿರುವರು. ಜಾಣನಾದ ವಕೀಲನು ಹಣವನ್ನು ಭಾಗಮಾಡಿ, ಕೊನೆಯ ಕಂತು ಎರಡನೆಯ ಹಾಜರಿಯ ದಿನ ನ್ಯಾಯಾಧೀಶರ ಎದುರಿನಲ್ಲಿಯೇ ಕೈಸೇರುವಂತೆ ಬರೆಯುವನು. ಹೆಂಡತಿಯು ಗಂಡನ ಮೇಲಿನ ಕ್ರೌರ್ಯದ ಕ್ರಿಮಿನಲ್ ಮೊಕದ್ದಮೆಯನ್ನು ಹಿಂತೆಗೆದುಕೊಳ್ಳತಕ್ಕದ್ದೆಂಬ ಷರತ್ತು ಇಂತಹ ಪತ್ರಗಳಲ್ಲಿ ಸಾಮಾನ್ಯ. ಆದರೆ ಆ ಅಪರಾಧವು ಕರ್ನಾಟಕದಲ್ಲಿ ರಾಜಿಗೆ ಒಳಪಡುವುದಲ್ಲವಾದ ಕಾರಣ, ಹೈಕೋರ್ಟು ಅದನ್ನು ರದ್ದುಮಾಡಬೇಕು. ಅದಕ್ಕೆ ಸಹಕರಿಸುವೆನೆಂದು ಬರೆಯದಿದ್ದರೆ ಷರತ್ತು ನಿಷ್ಪ್ರಯೋಜಕ. ಮಗುವಿನ ಜೀವನಾಂಶವನ್ನಂತೂ ತಂದೆತಾಯಿಗಳು ಪರಸ್ಪರ ಬಿಟ್ಟುಕೊಡಲಾರರು.

ಪಕ್ಷಗಳ ಸಮ್ಮತಿಯಿಂದಾದ ಡಿಕ್ರಿಯ ಮೇಲೆ ಅಪೀಲಿಲ್ಲವೆಂದು 1984ರ ಅಧಿನಿಯಮವು ವಿಧಿಸುವುದರಿಂದ ಪತ್ರದ ಒಂದೊಂದು ಸಾಲಿಗೂ ತೂಕವುಂಟು. ಖರ್ಚಿನ ಉಳಿತಾಯಕ್ಕಾಗಿ ಇಬ್ಬರೂ ಒಬ್ಬನೇ ವಕೀಲನಿಗೆ ವಕಾಲತ್ತು ಕೊಡುವ ವಾಡಿಕೆಯು ಈ ಕಾರಣದಿಂದ ಮೆಚ್ಚತಕ್ಕುದಲ್ಲ: ಬರೆದವನು ಇಬ್ಬರಿಗೂ ಸೇರಿದವನಾದರೆ, ಬರೆಯದೆ ಬಿಟ್ಟುದನ್ನು ಕೇಳುವವರು ಯಾರು? ಹೆಂಗಸರಿಗೆ ಹಣದ ಅಡಚಣೆಯು ನಿಜವಾಗಿ ಅಡ್ಡಿಯಾಗಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದಂತೆ, ವರಮಾನವೆಷ್ಟೇ ಇರಲಿ, ಸ್ತ್ರೀಯರೆಲ್ಲರೂ ಉಚಿತ ನೆರವಿಗೆ ಅರ್ಹರು. ತಾಲ್ಲೂಕು ಸಮಿತಿಯಲ್ಲಿ ಅರ್ಜಿ ಕೊಟ್ಟರೆ ವಕೀಲನು ನೇಮಕವಾಗುವನು. ವಿವಾದವು ನಡೆಯುತ್ತಿರುವಾಗ, ಸ್ವಂತ ವರಮಾನ ಸಾಲದವರು ವ್ಯಾಜ್ಯದ ವೆಚ್ಚವನ್ನೂ ಮಧ್ಯಂತರ ಜೀವನಾಂಶವನ್ನೂ ಎದುರುಪಕ್ಷದಿಂದ ಕೇಳಬಹುದು. ಇದಕ್ಕಾಗಿ ಎರಡು ಪಕ್ಷದವರೂ ಆಸ್ತಿ, ಸಾಲ, ವರಮಾನಗಳನ್ನು ಅಫಿಡವಿಟ್ಟಿನಲ್ಲಿ ಬಯಲುಮಾಡಬೇಕೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ಪಡೆದ ಜೀವನಾಂಶದಲ್ಲಿ ಇಷ್ಟು ಪಾಲು ತನಗೆಂದು ವಕೀಲನು ಕೇಳುವುದಾದರೆ ಅದು ವಕೀಲರ ಪರಿಷತ್ತಿನ ನಿಯಮಕ್ಕೆ ವಿರುದ್ಧವೆಂದು ತಿಳಿಯತಕ್ಕದ್ದು.

ಪ್ರತಿವಾದವಾಗಿ ನಡೆದ ಮೊಕದ್ದಮೆಯಲ್ಲಿ ಡಿಕ್ರಿಯು ಕೈಗೆ ಬಂದೊಡನೆ ಮರುಮದುವೆಗೆ ಅವಕಾಶವಿಲ್ಲ. ಅಪೀಲಿನ ಅವಧಿಯು ಕಳೆಯಬೇಕು. ಆ ಅವಧಿಯು 1984ರ ಅಧಿನಿಯಮದಲ್ಲಿ 30 ದಿನಗಳು, ಹಿಂದೂ ವಿವಾಹ ಅಧಿನಿಯಮದಲ್ಲಿ 2003ರ ತಿದ್ದುಪಡಿಯಾದ ಮೇಲೆ 90 ದಿನಗಳು. ಈ ವ್ಯತ್ಯಾಸವನ್ನು ಬಲ್ಲ ವಕೀಲನು, ದೀರ್ಘವಾದುದನ್ನೇ ಲೆಕ್ಕಕ್ಕೆ ಹಿಡಿದು, ಅಷ್ಟು ದಿನಗಳು ಕಳೆದ ಮೇಲೆ ಅಪೀಲು ದಾಖಲಾಗಿಲ್ಲವೆಂಬುದನ್ನು ಹೈಕೋರ್ಟಿನಲ್ಲಿ ವಿಚಾರಿಸಿಕೊಂಡು, ಅನಂತರವೇ ಕಕ್ಷಿಗಾರನಿಗೆ ಲಗ್ನದ ದಿನವನ್ನು ನೋಡಿಕೊಳ್ಳಲು ಹೇಳುವನು.