ಮೊಣಕಾಲಿನ ಬೆಲ್ಟ್: ಆಸರೆ ಎಷ್ಟು, ಭ್ರಮೆ ಎಷ್ಟು?

ಮುಳಗುಂದ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆಯ ಊರುಗಳಲ್ಲಿ ಹುಡುಗರಿಗೆ ಕಬಡ್ಡಿ ಎಂದರೆ ಜೀವ. ಎದುರಾಳಿಗಳು ಕಾಲು ಹಿಡಿದಾಗ ಪಾದ ನೆಲದಲ್ಲೇ ನಿಂತು ಮೈ ಇನ್ನೊಂದು ಕಡೆ ತಿರುಗಿದರೆ ಮೊಣಕಾಲು ತಿರುಚುತ್ತದೆ. ಮಳೆಗಾಲದಲ್ಲಿ ಎರೆಮಣ್ಣಿನ ಹೊಲದಲ್ಲಿ ಜಾರಿದವರಿಗೂ, ಬೈಕಿನಿಂದ ಬಿದ್ದವರಿಗೂ ಇಂಥದೇ ಪೆಟ್ಟಾಗಬಹುದು. ಕಾಲು ಬಾತ ಕೂಡಲೇ ಅನೇಕ ಮನೆಗಳಲ್ಲಿ ಮಾಡುವ ಮೊದಲ ಕೆಲಸ ಔಷಧಿ ಅಂಗಡಿಯಿಂದ ನೀ ಕ್ಯಾಪ್ ತಂದು ಏರಿಸುವುದು. ಕೆಲವು ದಿನಗಳಲ್ಲಿ ನೋವು ಇಳಿಯುತ್ತದೆ, ಹುಡುಗ ಮತ್ತೆ ಅಂಕಣಕ್ಕೆ ಇಳಿಯುತ್ತಾನೆ. ನಿಜವಾದ ಅಪಾಯ ಆಗ ಶುರುವಾಗುತ್ತದೆ.

ಬೆಲ್ಟ್ ಏನು ಮಾಡುತ್ತದೆ?

ಎಲುಬನ್ನು ಎಲುಬಿಗೆ ಕಟ್ಟಿ ಹಿಡಿಯುವ ಗಟ್ಟಿ ನಾರಿಗೆ ಲಿಗಮೆಂಟ್ ಎನ್ನುತ್ತಾರೆ. ಮೊಣಕಾಲಿನಲ್ಲಿ ಇಂಥ ನಾಲ್ಕು ಮುಖ್ಯ ಕಟ್ಟುಗಳಿವೆ. ಎರಡು ಅಕ್ಕಪಕ್ಕದಲ್ಲಿದ್ದು ಕಾಲು ಪಕ್ಕಕ್ಕೆ ಬಾಗದಂತೆ ತಡೆಯುತ್ತವೆ. ಇನ್ನೆರಡು ಕೀಲಿನ ಒಳಗೆ ಕತ್ತರಿಯಾಕಾರದಲ್ಲಿದ್ದು ಕೆಳಗಿನ ಎಲುಬು ಹಿಂದೆ ಮುಂದೆ ಜಾರದಂತೆ ಹಿಡಿದಿರುತ್ತವೆ. ಆಟಗಾರರಲ್ಲಿ ಹೆಚ್ಚು ಕೇಳಿಬರುವ 'ಎಸಿಎಲ್' ಒಳಗಿನ ಎರಡರಲ್ಲಿ ಮುಂಭಾಗದ್ದು.

ಬಟ್ಟೆಯ ನೀ ಕ್ಯಾಪ್ ಕಾಲನ್ನು ಬೆಚ್ಚಗಿಡುತ್ತದೆ, ಸ್ವಲ್ಪ ಒತ್ತಿ ಹಿಡಿಯುತ್ತದೆ, ಧೈರ್ಯ ಕೊಡುತ್ತದೆ. ಕಡಿದ ಲಿಗಮೆಂಟಿನ ಕೆಲಸವನ್ನು ಅದು ಮಾಡಲಾರದು. ಎರಡೂ ಬದಿಗೆ ಲೋಹದ ಪಟ್ಟಿ ಮತ್ತು ಕೀಲು ಇರುವ ಬ್ರೇಸ್ ಬೇರೆ. ಪಕ್ಕದ ಲಿಗಮೆಂಟಿಗೆ ಪೆಟ್ಟಾದಾಗ ಅದು ಒಳ್ಳೆಯ ರಕ್ಷಣೆ ಕೊಡುತ್ತದೆ. ಒಳಬದಿಯ ಲಿಗಮೆಂಟ್ ಭಾಗಶಃ ಹರಿದಿದ್ದರೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಇಲ್ಲದೆ, ಬ್ರೇಸ್ ಮತ್ತು ವ್ಯಾಯಾಮದಿಂದಲೇ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ.

ಎಸಿಎಲ್ ವಿಷಯ ಹಾಗಲ್ಲ. ಬ್ರೇಸ್ ಹಿಡಿಯುವುದು ಚರ್ಮ ಮತ್ತು ಮಾಂಸವನ್ನು, ಎಲುಬನ್ನಲ್ಲ. ನಿಧಾನವಾಗಿ ನಡೆಯುವಾಗ ಅದು ಎಲುಬಿನ ಜಾರುವಿಕೆಯನ್ನು ಸ್ವಲ್ಪ ತಡೆದೀತು. ಓಡುತ್ತ ಗಕ್ಕನೆ ತಿರುಗಿದಾಗ, ಜಿಗಿದು ಇಳಿದಾಗ ಬೀಳುವ ಭಾರದ ಮುಂದೆ ಅದರ ಹಿಡಿತ ಸಾಲದು.

ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಫುಟ್ಬಾಲ್ ಆಡುವ 1,396 ಕೆಡೆಟ್‌ಗಳ ಮೇಲೆ ನಡೆದ ಅಧ್ಯಯನವೊಂದು 1990ರಲ್ಲಿ ಪ್ರಕಟವಾಯಿತು. ಬ್ರೇಸ್ ಧರಿಸಿದವರಲ್ಲಿ ಮೊಣಕಾಲಿನ ಪೆಟ್ಟುಗಳ ಸಂಖ್ಯೆ ಕಡಿಮೆಯಿತ್ತು. ಆ ಲಾಭ ರಕ್ಷಣಾ ಆಟಗಾರರಲ್ಲಿ ಮಾತ್ರ ಕಂಡಿತು. ಪೆಟ್ಟಾದವರಲ್ಲಿ ಅದರ ತೀವ್ರತೆ ಕಡಿಮೆಯಾಗಿರಲಿಲ್ಲ.

ತಡಮಾಡಬೇಡಿ

ಪೆಟ್ಟಾದಾಗ 'ಟಪ್' ಎಂದು ಸದ್ದಾಗಿದ್ದರೆ, ಕೆಲವೇ ಗಂಟೆಗಳಲ್ಲಿ ಮೊಣಕಾಲು ಊದಿದರೆ, ಕಾಲೂರಲು ಆಗದಿದ್ದರೆ, ಮಡಚಿದ ಕಾಲು ಚಾಚಲಾಗದೆ ಸಿಕ್ಕಿಕೊಂಡರೆ, ನಡೆಯುವಾಗ ಕಾಲು ಕೈಕೊಟ್ಟಂತಾದರೆ ಗದಗಿನ ಜಿಮ್ಸ್ ಆಸ್ಪತ್ರೆಗೋ ಹತ್ತಿರದ ಎಲುಬು ಕೀಲು ತಜ್ಞರ ಬಳಿಗೋ ಹೋಗಿ. ಎಲುಬು ಮುರಿದಿಲ್ಲವೆಂದು ಎಕ್ಸ್‌ರೇ ತೋರಿಸಿದ ಮಾತ್ರಕ್ಕೆ ನಿಶ್ಚಿಂತರಾಗಬೇಡಿ. ಎಕ್ಸ್‌ರೇಯಲ್ಲಿ ಲಿಗಮೆಂಟ್ ಕಾಣುವುದಿಲ್ಲ. ಬಿಗಿ ಇಲ್ಲದ ಕಾಲಿಗೆ ಬೆಲ್ಟ್ ಸುತ್ತಿ ಆಡುತ್ತಾ ಹೋದರೆ ಪ್ರತಿಸಲ ಕಾಲು ಜಾರಿದಾಗಲೂ ಒಳಗಿನ ಗಾದಿಯಂಥ ಮೃದ್ವಸ್ಥಿ ಹರಿಯುವ ಭಯವಿದೆ. ಅದು ಸವೆದರೆ ಚಿಕ್ಕ ವಯಸ್ಸಿಗೇ ಮಂಡಿ ಸವೆತ ಬರಬಹುದು.

ಬ್ರೇಸ್ ಧರಿಸುವವರಿಗೆ

ಕಾಲಿನ ಅಳತೆ ಕೊಟ್ಟೇ ಕೊಳ್ಳಿ. ಸಡಿಲವಾದರೆ ಕೆಳಗೆ ಜಾರುತ್ತದೆ, ಬಿಗಿಯಾದರೆ ಸ್ನಾಯುಗಳು ಬೇಗ ದಣಿಯುತ್ತವೆ. ಪಾದ ಜೋಮು ಹಿಡಿದರೆ, ತಣ್ಣಗಾದರೆ ಅಥವಾ ನೀಲಿಗಟ್ಟಿದರೆ ತಕ್ಷಣ ಸಡಿಲಿಸಿ. ಮೀನಖಂಡ ಊದಿ ನೋವಾದರೆ ಅಂದೇ ವೈದ್ಯರಿಗೆ ತೋರಿಸಿ. ಬೆವರು ನಿಂತರೆ ತುರಿಕೆ, ಹುಣ್ಣು ಆಗುತ್ತದೆ. ದಿನವೂ ಚರ್ಮವನ್ನು ತೊಳೆದು ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಬ್ರೇಸ್ ತೊಡಿ. ಬಟ್ಟೆಯ ಭಾಗವನ್ನು ಆಗಾಗ ತೊಳೆದು ನೆರಳಲ್ಲಿ ಒಣಗಿಸಿ. ಆದರೆ ಆಪರೇಷನ್ ಆದವರು ವೈದ್ಯರ ಅನುಮತಿಯಿಲ್ಲದೆ ಬ್ರೇಸ್ ಬಿಚ್ಚಬಾರದು.

ವುಝೂ ಮಾಡುವಾಗ ತೊಳೆಯಬೇಕಾದ ಅಂಗಗಳಲ್ಲಿ ಮೊಣಕಾಲು ಇಲ್ಲ, ಹಾಗಾಗಿ ಅದಕ್ಕಾಗಿ ಬ್ರೇಸ್ ಬಿಚ್ಚಬೇಕಾಗಿಲ್ಲ. ಕಡ್ಡಾಯ ಸ್ನಾನದ ಸಂದರ್ಭದಲ್ಲಿ ಬಿಚ್ಚಬಹುದೇ ಎಂದು ವೈದ್ಯರನ್ನು ಕೇಳಿ. ಬಿಚ್ಚಬಾರದು ಎಂದರೆ ಮುಂದೇನು ಎಂಬುದನ್ನು ಆಲಿಮರಲ್ಲಿ ವಿಚಾರಿಸಿ. ನಮಾಝ್‌ನಲ್ಲಿ ಹಿಮ್ಮಡಿಯ ಮೇಲೆ ಕೂರುವಾಗ ಮಂಡಿ ಪೂರ್ತಿ ಮಡಚುತ್ತದೆ. ಪೆಟ್ಟಾದ ಕಾಲನ್ನು ಹಲ್ಲುಕಚ್ಚಿ ಮಡಚುವುದು ಬೇಡ. ಅಶಕ್ತರು ಕುಳಿತು ನಮಾಝ್ ಮಾಡಲು ಇಸ್ಲಾಮಿನಲ್ಲಿ ಅನುಮತಿ ಇದೆ. ಕುರ್ಚಿ ಬಳಸುವ ಯುವಕನನ್ನು ಕಂಡು ಮಸೀದಿಯಲ್ಲಿ ಯಾರೂ ಹುಬ್ಬೇರಿಸದಿರಲಿ.

ತೊಡೆಯ ಸ್ನಾಯುವೇ ನಿಜವಾದ ಬೆಲ್ಟ್

ಪೆಟ್ಟಾದ ಮೇಲೆ ತೊಡೆಯ ಸ್ನಾಯು ಬಹುಬೇಗ ಸೊರಗುತ್ತದೆ. ವೈದ್ಯರು ಒಪ್ಪಿದ ಮೇಲೆ ಮನೆಯಲ್ಲೇ ಆರಂಭಿಸಬಹುದಾದ ಸುಲಭ ವ್ಯಾಯಾಮವೊಂದಿದೆ. ಕಾಲು ಚಾಚಿ ಕುಳಿತು, ಮಂಡಿಯ ಕೆಳಗೆ ಮಡಚಿದ ಟವೆಲ್ ಇಡಿ. ಮಂಡಿಯಿಂದ ಅದನ್ನು ಒತ್ತಿ 5 ಸೆಕೆಂಡ್ ಹಿಡಿದು ಬಿಡಿ. ಹೀಗೆ 10 ಸಲ ಮಾಡಿ. ಮುಂದಿನ ಹಂತಗಳನ್ನು ಫಿಸಿಯೋಥೆರಪಿಸ್ಟರಿಂದ ಕಲಿಯಿರಿ.

ಪೆಟ್ಟಾಗದಂತೆ ತಡೆಯುವುದರಲ್ಲೂ ವ್ಯಾಯಾಮವೇ ಮುಂದು. ಫಿಫಾ ರೂಪಿಸಿದ '11+' ಎಂಬ ಸುಮಾರು 20 ನಿಮಿಷಗಳ ಪೂರ್ವ ಕಸರತ್ತು ಫುಟ್ಬಾಲ್ ಆಟಗಾರರಲ್ಲಿ ಪೆಟ್ಟುಗಳನ್ನು ತಗ್ಗಿಸಿದೆ. ಜಿಗಿದಾಗ ಮಂಡಿ ಬಾಗಿಸಿ ಮೆತ್ತಗೆ ಇಳಿಯುವುದು, ಮಂಡಿ ಒಳಕ್ಕೆ ವಾಲದಂತೆ ನೋಡಿಕೊಳ್ಳುವುದು, ಒಂಟಿಗಾಲಲ್ಲಿ ನಿಂತು ತೋಲನ ಸಾಧಿಸುವುದು ಅದರ ಮುಖ್ಯ ಪಾಠಗಳು. ಇವನ್ನು ನಮ್ಮ ಕಬಡ್ಡಿ ಹುಡುಗರೂ ಕಲಿಯಬಹುದು, ಇದಕ್ಕೆ ಕಾಸು ಖರ್ಚಿಲ್ಲ.

ಆದ್ದರಿಂದ ಮಗ ಕುಂಟುತ್ತಾ ಮನೆಗೆ ಬಂದರೆ ಮೊದಲು ವೈದ್ಯರಿಗೆ ತೋರಿಸಿ. ಯಾವ ಬ್ರೇಸ್, ಎಷ್ಟು ದಿನ ಎಂಬುದನ್ನು ಅವರು ಹೇಳಲಿ. ನೋವು ಹೋಯಿತು ಎಂಬ ಕಾರಣಕ್ಕೆ ಅಂಕಣಕ್ಕೆ ಕಳಿಸಬೇಡಿ. ಪೆಟ್ಟಾದ ಕಾಲು ಇನ್ನೊಂದು ಕಾಲಿನಷ್ಟೇ ಗಟ್ಟಿಯಾದ ಮೇಲೆ, ವೈದ್ಯರು ಹೂಂ ಎಂದ ಮೇಲೆ ಕಳಿಸಿ.