ಗಡಿಗೆಯೊಳಗೆ ಕಲಬುರಗಿ

ಮಹಾರಾಷ್ಟ್ರದ ಉಮರ್ಗಾದಲ್ಲಿ ಅಕ್ಕನ ಮನೆಯ ಮಿಕ್ಸರ್ ಹಿಡಿದುಕೊಂಡು ರಿಪೇರಿ ಅಂಗಡಿಗೆ ಹೋಗಿದ್ದೆ. ಬಾಗಿಲಲ್ಲೇ ಎರಡು ಮಣ್ಣಿನ ಗಡಿಗೆ. ಬಾಯಿಗೆ ಆರಿಂಚಿನ ಸ್ಪೀಕರ್ ಕೂಡಿಸಿತ್ತು. ಒಳಗಿಂದ ತುಂಬುದನಿಯಲ್ಲಿ ತೊಗರಿಗೆ ಬೀಳುವ ಕೀಡೆಯ ಮಾತು, ಅದೂ ಕನ್ನಡದಲ್ಲಿ!

‘ಯಾವ ಸ್ಟೇಷನ್ ಕಾಕಾ?’ ಎಂದೆ.

‘ಗುಲಬರ್ಗಾ ಅದರಿ. ನಿನ್ನೆ ರಾತ್ರಿ ಜೋಡಿಸೀನಿ.’

ಮಿಕ್ಸರ್ ಮರೆತೇಹೋಯಿತು.

ಕಾಕಾನ ಸೆಟ್ಟು ಪೂರ್ತಿ ಕೈಯಿಂದ ಕಟ್ಟಿದ್ದು: ಸ್ಟೀಲ್ ಡಬ್ಬಿಯಲ್ಲಿ 4440 ಐಸಿಯ ಆಂಪ್ಲಿಫೈಯರ್ ಬೋರ್ಡ್, 12 ವೋಲ್ಟ್ ಟ್ರಾನ್ಸ್‌ಫಾರ್ಮರ್, ಮುಂದೆ ಬ್ಲೂಟೂತ್ ಪ್ಯಾನೆಲ್. ಪ್ಯಾನೆಲ್ಲಿನಲ್ಲಿ ಎಫ್‌ಎಂ ಇತ್ತು. ಆದರೆ ಕಲಬುರಗಿ ಇಲ್ಲಿಂದ ನೇರ ಗೆರೆಯಲ್ಲಿ ಸುಮಾರು 60 ಕಿ.ಮೀ. ಎಫ್‌ಎಂ ಅಲೆ ಹೆಚ್ಚುಕಡಿಮೆ ಕಣ್ಣಳತೆಯಷ್ಟೇ ದೂರ ಹೋಗುತ್ತದೆ. ಮೀಡಿಯಂ ವೇವ್ ನೆಲಕ್ಕೆ ಅಂಟಿಕೊಂಡು ಬರುತ್ತದೆ. ಈ ಭಾಗದಲ್ಲಿ ಮೀಡಿಯಂ ವೇವ್ ಇಲ್ಲದ ಪ್ಯಾನೆಲ್ಲನ್ನು ರೇಡಿಯೊ ಎನ್ನಲು ನನಗಂತೂ ಮನಸ್ಸು ಬಾರದು.

ಅದನ್ನು ಹಿಡಿಯಲು ಕಾಕಾ ಸೇರಿಸಿದ್ದು ಟಿಎ7642 ಎಂಬ ಮೂರು ಕಾಲಿನ ಐಸಿ. ನೋಡಲು ಟ್ರಾನ್ಸಿಸ್ಟರಿನಂತೆ. 1972ರಲ್ಲಿ ಇಂಗ್ಲೆಂಡಿನ ಫೆರಾಂಟಿ ಕಂಪನಿ ತಂದ ಝಡ್‌ಎನ್414ರ ಸಂತತಿ. ಒಂದು ಪೆನ್ಸಿಲ್ ಸೆಲ್ ಸಾಕು. ಗ್ಯಾಂಗ್ (ಸ್ಟೇಷನ್ ತಿರುವುವ ಕಂಡೆನ್ಸರ್) ಮತ್ತು ಆಂಟೆನಾದ ಫೆರೈಟ್ ಕಡ್ಡಿ ಕೆಟ್ಟ ಟ್ರಾನ್ಸಿಸ್ಟರ್ ರೇಡಿಯೊದಿಂದ ಕಿತ್ತವು. ಮೊದಲು ಆಂಪ್ಲಿಫೈಯರಿನಿಂದಲೇ ಕರೆಂಟ್ ಕೊಟ್ಟರಂತೆ, ಬರೀ ಗುಂಯ್ ಸದ್ದು. ಸೆಲ್ ಬೇರೆ ಮಾಡಿ, ಶೀಲ್ಡ್ ವೈರ್ ಎಳೆದು, ಬ್ಲೂಟೂತಿಗೆ ಬೇರೆ ಸ್ವಿಚ್ ಹಾಕಿ ಆರಿಸಿದ ಮೇಲೆ ದನಿ ಬಂತು.

ಕಡ್ಡಿ ಮಾತ್ರ ಡಬ್ಬಿಯ ಹೊರಗೆ, ತಿರುಗುವ ಮರದ ತುಂಡಿನ ಮೇಲೆ. ಲೋಹದೊಳಗಿಟ್ಟರೆ ಅಲೆ ತಟ್ಟುವುದಿಲ್ಲ. ನಾನು ಆ ತುಂಡನ್ನು ತಿರುಗಿಸುತ್ತಲೇ ಕುಳಿತೆ. ಕಡ್ಡಿಯ ತುದಿ ಕಲಬುರಗಿಯತ್ತ ಬಂದಾಗ ದನಿ ಬಾವಿಗಿಳಿಯುತ್ತದೆ. ಅಡ್ಡ ತಿರುಗಿಸಿದರೆ ಎದ್ದು ಬರುತ್ತದೆ. ಮೈ ತೋರಿಸಬೇಕು, ಮುಖ ತೋರಿಸಬಾರದು. ಸರಿಯಾದ ಜಾಗಕ್ಕೆ ಸೀಮೆಸುಣ್ಣದ ಗೆರೆ. ಆ ಗೆರೆ ಉಮರ್ಗಾಕ್ಕೆ ಮಾತ್ರ. ಇಲ್ಲಿಂದ ಕಲಬುರಗಿ ದಕ್ಷಿಣಕ್ಕಿದ್ದು ತುಸು ಪೂರ್ವಕ್ಕೆ ವಾಲಿದೆ; ನಿಲಂಗಾದಿಂದ ಹೆಚ್ಚುಕಡಿಮೆ ನೇರ ದಕ್ಷಿಣ; ಉದಗೀರದಿಂದ ತುಸು ಪಶ್ಚಿಮಕ್ಕೆ. ಇದೇ ಸೆಟ್ಟನ್ನು ಉದಗೀರಕ್ಕೆ ಒಯ್ದರೆ ಗೆರೆ ಒರೆಸಿ ಹೊಸದು ಹಾಕಬೇಕು. ಮೂರು ಊರಿಗೆ ಮೂರು ಗೆರೆ. ನನ್ನ ನೋಟ್‌ಬುಕ್ಕಿನಲ್ಲಿ ಮೂರನ್ನೂ ಬರೆದುಕೊಂಡಿದ್ದೇನೆ.

ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ನವೆಂಬರ್ 1ರವರೆಗೆ ಬೀದರ ಜಿಲ್ಲೆಯವು. ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ ಮೈಸೂರು ರಾಜ್ಯಕ್ಕೆ ಬಂತು, ಇವು ಮುಂಬಯಿ ರಾಜ್ಯಕ್ಕೆ ಹೋದವು. ಕಲಬುರಗಿ ಕೇಂದ್ರ ಶುರುವಾದದ್ದು 1966ರಲ್ಲಿ; ಅದರ ಅಂಕಿ 1107 ಕಿಲೋಹರ್ಟ್ಸ್. ಶಾಲೆ, ಕಚೇರಿ, ಅಂಗಡಿಯ ಬೋರ್ಡು ಎಲ್ಲ ಮರಾಠಿಯಾದ ಮನೆಗಳಿಗೆ ಓದಿನ ಕನ್ನಡ, ವಾರ್ತೆಯ ಕನ್ನಡ ಕಿವಿಗೆ ಬಿದ್ದದ್ದು ಹೀಗೆ.

ಮಾತಿನ ನಡುವೆ ಕರೆಂಟ್ ಹೋಯಿತು. ಗಡಿಗೆಗಳು ಸುಮ್ಮನಾದವು. ಕಾಕಾ ಡ್ರಾಯರಿನಿಂದ ಹಳೆಯ ಕ್ರಿಸ್ಟಲ್ ಇಯರ್‌ಫೋನ್ ತೆಗೆದು ಟ್ಯೂನರಿಗೆ ಚುಚ್ಚಿ ನನ್ನ ಕಿವಿಗೆ ಹಿಡಿದರು. ಇಡೀ ಬಜಾರಿನ ಚಾರ್ಜರು, ಎಲ್‌ಇಡಿ ಬಲ್ಬು ಆರಿದ್ದರಿಂದ ಕರಕರ ಒಂದಿಷ್ಟೂ ಇರಲಿಲ್ಲ. ತೊಗರಿಯ ಮಾತು ಇನ್ನೂ ನಡೆದಿತ್ತು, ಸಣ್ಣದಾಗಿ, ಆದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ.