ರೈತನಿಗೆ ದೂರವಾಣಿಯಲ್ಲಿ ಕೃಷಿ ಸಲಹೆ: ವೆಚ್ಚ ಭರಿಸುವವರು ಯಾರು?

ಬೆಳೆಗೆ ರೋಗ ತಗುಲಿದಾಗ ಅಥವಾ ಗೊಬ್ಬರದ ಪ್ರಮಾಣದ ಬಗ್ಗೆ ಸಂದೇಹ ಬಂದಾಗ ಸಣ್ಣ ರೈತನು ಯಾರನ್ನು ಕೇಳುತ್ತಾನೆ? ಇದು ಕೃಷಿ ಇಲಾಖೆಗೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ನಾವು ವರ್ತಕರು ಸಾಮಾನ್ಯವಾಗಿ ಭಾವಿಸುತ್ತೇವೆ. 2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯ 59ನೆಯ ಸುತ್ತಿನಲ್ಲಿ ದೊರೆತ ಉತ್ತರ ಬೇರೆಯೇ ಆಗಿತ್ತು. ದೇಶದ ರೈತ ಕುಟುಂಬಗಳಲ್ಲಿ ಶೇಕಡ 40ರಷ್ಟು ಮಾತ್ರ ಆಧುನಿಕ ಬೇಸಾಯದ ಮಾಹಿತಿಯನ್ನು ಯಾವುದಾದರೂ ಒಂದು ಮೂಲದಿಂದ ಪಡೆದಿದ್ದವು. ಇತರ ಪ್ರಗತಿಪರ ರೈತರಿಂದ ಪಡೆದವರು ಶೇ. 16.7, ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಯವರಿಂದ ಶೇ. 13.1, ರೇಡಿಯೋದಿಂದ ಶೇ. 13. ಸರ್ಕಾರದ ವಿಸ್ತರಣಾ ಕಾರ್ಯಕರ್ತರಿಂದ ಪಡೆದವರು ಶೇ. 5.7 ಮಾತ್ರ. ಅಂದರೆ ನಮ್ಮ ಸದಸ್ಯರಲ್ಲಿ ಅನೇಕರು ತಮಗೆ ಅರಿವಿಲ್ಲದೆಯೇ ಸರ್ಕಾರಕ್ಕಿಂತ ದೊಡ್ಡ ಕೃಷಿ ಸಲಹೆಗಾರರಾಗಿದ್ದರು.

ಇದಕ್ಕೆ ಕಾರಣ ಇಲಾಖೆಯ ಉದಾಸೀನವೊಂದೇ ಅಲ್ಲ, ಲೆಕ್ಕಾಚಾರವೂ ಹೌದು. 2015-16ರ ಕೃಷಿ ಗಣತಿಯ ಪ್ರಕಾರ ನಮ್ಮ ದೇಶದ ಸರಾಸರಿ ಹಿಡುವಳಿ 1.08 ಹೆಕ್ಟೇರ್; ಒಟ್ಟು ಹಿಡುವಳಿಗಳಲ್ಲಿ ಶೇ. 86ರಷ್ಟು ಸಣ್ಣ ಮತ್ತು ಅತಿಸಣ್ಣ ರೈತರವು. ಅಧಿಕಾರಿಯೊಬ್ಬರು ಹಳ್ಳಿಗೆ ಹೋಗಿ ಹೊಲ ನೋಡಿ ಬರುವ ವೆಚ್ಚವು ಐವತ್ತು ಎಕರೆಯ ಜಮೀನ್ದಾರನಿಗೂ ಎರಡು ಎಕರೆಯ ರೈತನಿಗೂ ಒಂದೇ. ಅದನ್ನು ಎಕರೆಗೆ ಹಂಚಿದಾಗ ಸಣ್ಣ ರೈತನ ಪಾಲಿಗೆ ಅದು ಅಸಾಧ್ಯವೆನಿಸುವಷ್ಟು ದುಬಾರಿ. ಡಿಜಿಟಲ್ ತಂತ್ರಜ್ಞಾನವು ಬದಲಾಯಿಸಿದ್ದು ಈ ಅಂಶವನ್ನು. ತಜ್ಞರಿಂದ ಒಮ್ಮೆ ಸಿದ್ಧಪಡಿಸಿದ ಧ್ವನಿ ಸಂದೇಶವನ್ನು ಸಾವಿರ ರೈತರಿಗೆ ಕಳುಹಿಸಿದರೂ ಲಕ್ಷ ರೈತರಿಗೆ ಕಳುಹಿಸಿದರೂ ತಯಾರಿಕೆಯ ವೆಚ್ಚ ಏರುವುದಿಲ್ಲ. ಕರೆಯ ವೆಚ್ಚ ಮಾತ್ರ ಏರುತ್ತದೆ.

ಕೇಂದ್ರ ಸರ್ಕಾರವು 2004ರ ಜನವರಿಯಲ್ಲಿ ಆರಂಭಿಸಿದ ಕಿಸಾನ್ ಕಾಲ್ ಸೆಂಟರ್ ಈ ದಾರಿಯ ಮೊದಲ ದೊಡ್ಡ ಹೆಜ್ಜೆ. ಶುಲ್ಕರಹಿತ ಸಂಖ್ಯೆಗೆ ಕರೆ ಮಾಡಿದ ರೈತನಿಗೆ ಕೃಷಿ ಪದವೀಧರರು ಆತನ ಭಾಷೆಯಲ್ಲಿಯೇ ಉತ್ತರಿಸುತ್ತಾರೆ. ಕನ್ನಡದ ವ್ಯವಸ್ಥೆಯೂ ಇದೆ. ಇದರ ಮಿತಿಯೆಂದರೆ, ಪ್ರಶ್ನೆಯು ರೈತನಿಂದಲೇ ಬರಬೇಕು. ತನ್ನ ಹೊಲದಲ್ಲಿ ಸಮಸ್ಯೆಯಿದೆಯೆಂದು ತಿಳಿಯದವನು ಕರೆ ಮಾಡುವುದಿಲ್ಲ. ಕಾಫಿ ಮಂಡಳಿಯು 2018ರ ಜುಲೈಯಲ್ಲಿ ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳ ಬೆಳೆಗಾರರಿಗಾಗಿ ಆರಂಭಿಸಿದ ‘ಕಾಫಿ ಕೃಷಿ ತರಂಗ’ ಸೇವೆಯು ಇದನ್ನು ತಿರುಗಿಸಿತು. ಅಲ್ಲಿ ಹಂಗಾಮಿಗೆ ತಕ್ಕ ಸಲಹೆಯು ತಾನಾಗಿಯೇ ಕರೆಯ ರೂಪದಲ್ಲಿ ಬೆಳೆಗಾರನ ಮೊಬೈಲಿಗೆ ಬರುತ್ತದೆ. ಸಂದೇಹವಿದ್ದರೆ ಆತನೂ ಪ್ರಶ್ನೆಯನ್ನು ಧ್ವನಿಮುದ್ರಿಸಬಹುದು. ಓದು ಬಾರದವನಿಗೂ, ಸಾಧಾರಣ ಫೋನ್ ಮಾತ್ರ ಇರುವವನಿಗೂ ಇದು ಸಾಕಾಗುತ್ತದೆ. ಸ್ಮಾರ್ಟ್‌ಫೋನ್ ಆ್ಯಪ್‌ಗಳ ಅಬ್ಬರದ ನಡುವೆ ಈ ಸರಳ ಸಂಗತಿಯನ್ನು ಅನೇಕ ಕಂಪನಿಗಳು ಮರೆಯುತ್ತವೆ.

ಲೆಕ್ಕಪರಿಶೋಧಕನಾಗಿ ನನಗೆ ಆಸಕ್ತಿಯಿರುವುದು ಈ ಸೇವೆಗಳ ವರದಿಗಳಲ್ಲಿ ಬಳಸುವ ಭಾಜಕದ ಬಗ್ಗೆ. ‘ಇಷ್ಟು ಲಕ್ಷ ರೈತರನ್ನು ತಲುಪಿದೆವು, ತಲಾ ವೆಚ್ಚ ಇಷ್ಟೇ ರೂಪಾಯಿ’ ಎಂಬುದು ಎಲ್ಲ ಪ್ರಚಾರ ಪತ್ರಗಳಲ್ಲಿಯೂ ಕಾಣುವ ವಾಕ್ಯ. ಸಂದೇಶ ತಲುಪುವುದು ಬೇರೆ, ಅದರಂತೆ ಬೇಸಾಯ ಬದಲಾಗುವುದು ಬೇರೆ. ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ 2006ರಲ್ಲಿ ಹುಟ್ಟಿ ಅನಂತರ ಸ್ವತಂತ್ರ ಸಂಸ್ಥೆಯಾದ ಡಿಜಿಟಲ್ ಗ್ರೀನ್ ಈ ವಿಷಯದಲ್ಲಿ ಮೆಚ್ಚತಕ್ಕ ಶಿಸ್ತನ್ನು ತೋರಿಸಿತು. ಸ್ಥಳೀಯ ರೈತರನ್ನೇ ಚಿತ್ರೀಕರಿಸಿ, ಆ ವಿಡಿಯೋಗಳನ್ನು ಹಳ್ಳಿಯ ಸಭೆಯಲ್ಲಿ ಒಬ್ಬ ನಿರ್ವಾಹಕನ ಸಮ್ಮುಖದಲ್ಲಿ ತೋರಿಸಿ ಚರ್ಚಿಸುವುದು ಅದರ ವಿಧಾನ. ಕರ್ನಾಟಕದ 16 ಹಳ್ಳಿಗಳಲ್ಲಿ ನಡೆದ ಆರಂಭದ ಪ್ರಯೋಗದಲ್ಲಿ, ಹಳೆಯ ಪದ್ಧತಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಮಂದಿ ಹೊಸ ಕ್ರಮಗಳನ್ನು ಅಳವಡಿಸಿಕೊಂಡರು. ಅಳವಡಿಕೆಯೊಂದಕ್ಕೆ ತಗಲಿದ ವೆಚ್ಚದ ದೃಷ್ಟಿಯಿಂದ ನೋಡಿದರೆ ಖರ್ಚಾದ ಹಣಕ್ಕೆ ದೊರೆತ ಫಲ ಸುಮಾರು ಹತ್ತು ಪಟ್ಟು. ಪ್ರಯೋಗ ಚಿಕ್ಕದು, ನಿಜ. ಆದರೆ ಭಾಜಕ ಸರಿಯಾದದ್ದು.

ಹಾಗಾದರೆ ಇಷ್ಟು ಅಗ್ಗವಾದ, ಫಲ ಕೊಡುವ ಸೇವೆಗೆ ರೈತನೇ ಏಕೆ ಹಣ ಕೊಡುವುದಿಲ್ಲ? ಗುಜರಾತಿನ ಹತ್ತಿ ಬೆಳೆಗಾರರಲ್ಲಿ ಷಾನ್ ಕೋಲ್ ಮತ್ತು ನೀಲೇಶ್ ಫರ್ನಾಂಡೊ ಅವರು ದೂರವಾಣಿ ಸಲಹೆಯ ಬಗ್ಗೆ ನಡೆಸಿದ ಅಧ್ಯಯನದಲ್ಲಿ, ಅಪಾಯಕಾರಿ ಕೀಟನಾಶಕಗಳಿಂದ ರೈತರು ದೂರ ಸರಿದುದು ಕಂಡುಬಂದಿತು. ಸೇವೆಯ ಲಾಭವು ಅದರ ವೆಚ್ಚಕ್ಕಿಂತ ಬಹುಪಾಲು ಹೆಚ್ಚೆಂದು ಅವರು ಅಂದಾಜು ಮಾಡಿದರು. ಆದರೂ ಚಂದಾ ಕೇಳಿದಾಗ ರೈತರು ಕೊಡಲೊಪ್ಪಿದ ಮೊತ್ತ ಸೇವೆಯ ವೆಚ್ಚಕ್ಕಿಂತ ಬಹಳ ಕಡಿಮೆಯಿತ್ತು. ಇದನ್ನು ಅಜ್ಞಾನವೆನ್ನುವುದು ತಪ್ಪು. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2019ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಲೇಖನದ ಪ್ರಕಾರ (ಆ ವರ್ಷವೇ ನೊಬೆಲ್ ಪಡೆದ ಮೈಕೆಲ್ ಕ್ರೆಮರ್ ಅದರ ಲೇಖಕರಲ್ಲೊಬ್ಬರು) ಇಂತಹ ಸಲಹೆಯಿಂದ ಇಳುವರಿ ಸರಾಸರಿ ಶೇ. 4ರಷ್ಟು ಏರುತ್ತದೆ. ಉದಾಹರಣೆಗೆ ಹತ್ತು ಕ್ವಿಂಟಾಲ್ ಬೆಳೆಯನ್ನು ಕ್ವಿಂಟಾಲಿಗೆ 5,000 ರೂಪಾಯಿಯಂತೆ ಮಾರುವ ರೈತನನ್ನು ತೆಗೆದುಕೊಳ್ಳೋಣ. ಆತನಿಗೆ ಸಿಗುವ ಹೆಚ್ಚಳ 2,000 ರೂಪಾಯಿ. ಮಳೆಯ ಏರುಪೇರಿನಿಂದ ಇಳುವರಿ ವರ್ಷದಿಂದ ವರ್ಷಕ್ಕೆ ಅದರ ಹಲವು ಪಟ್ಟು ಬದಲಾಗುವಾಗ ಈ 2,000 ರೂಪಾಯಿ ಸಲಹೆಯಿಂದ ಬಂದದ್ದೆಂದು ಆತನು ಗುರುತಿಸುವುದಾದರೂ ಹೇಗೆ? ಮೇಲಾಗಿ ಒಬ್ಬನು ಹಣ ಕೊಟ್ಟು ಪಡೆದ ಸಲಹೆಯನ್ನು ಪಕ್ಕದ ಹೊಲದವನು ಕಟ್ಟೆಯ ಮೇಲೆ ಕುಳಿತು ಉಚಿತವಾಗಿ ಕೇಳಿಕೊಳ್ಳುತ್ತಾನೆ.

ಆದ್ದರಿಂದ ವೆಚ್ಚವನ್ನು ಬೇರೆಯವರೇ ಭರಿಸಬೇಕಾಗುತ್ತದೆ. ಸರ್ಕಾರ ಭರಿಸಬಹುದು, ಫಸಲು ಕೊಳ್ಳುವವನು ಭರಿಸಬಹುದು, ಗೊಬ್ಬರ-ಔಷಧಿ ಮಾರುವವನು ಭರಿಸಬಹುದು. ಯಾರು ಭರಿಸುತ್ತಾರೋ ಸಲಹೆಯು ಅವರ ಕಡೆಗೆ ವಾಲುವ ಸಂಭವವಿದೆ ಎಂಬುದನ್ನು ನಮ್ಮ ವೃತ್ತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಕ್ಷಿದಾರನಿಂದಲೇ ಶುಲ್ಕ ಪಡೆಯುವ ಲೆಕ್ಕಪರಿಶೋಧಕನ ಸ್ವಾತಂತ್ರ್ಯದ ಬಗ್ಗೆ ಕಾನೂನಿನಲ್ಲಿ ಎಷ್ಟೊಂದು ನಿರ್ಬಂಧಗಳಿವೆ! ಉಚಿತ ಆ್ಯಪ್‌ನಲ್ಲಿ ಎಲೆಯ ಚಿತ್ರ ನೋಡಿ ರೋಗ ಹೇಳಿ, ಅದೇ ಪುಟದಲ್ಲಿ ಔಷಧಿಯನ್ನೂ ಮಾರುವವನಿಗೆ ಅಂತಹ ಶಿಸ್ತನ್ನು ವಿಧಿಸುವವರು ಯಾರು? ‘ಈ ಕೀಟಕ್ಕೆ ಈ ಹಂತದಲ್ಲಿ ಸಿಂಪಡಣೆ ಬೇಕಾಗಿಲ್ಲ’ ಎಂಬುದು ಅನೇಕ ಸಲ ಅತ್ಯಂತ ಬೆಲೆಬಾಳುವ ಸಲಹೆ. ಆದರೆ ಅದರಿಂದ ಅಂಗಡಿಗೆ ಬಿಕರಿಯಿಲ್ಲ.

ಕೊಳ್ಳುವವನೇ ವೆಚ್ಚ ಭರಿಸಿದ ಮಾದರಿಗೆ ಐಟಿಸಿ ಕಂಪನಿಯ ಇ-ಚೌಪಾಲ್ ಪ್ರಸಿದ್ಧ ನಿದರ್ಶನ. 2000ದಲ್ಲಿ ಮಧ್ಯಪ್ರದೇಶದ ಸೋಯಾಬೀನ್ ಪ್ರದೇಶದಲ್ಲಿ ಆರಂಭವಾದ ಈ ಯೋಜನೆಯಲ್ಲಿ, ಹಳ್ಳಿಯ ರೈತನೊಬ್ಬನ ಮನೆಯಲ್ಲಿ ಗಣಕಯಂತ್ರವನ್ನಿರಿಸಿ ಆತನನ್ನು ಸಂಚಾಲಕನನ್ನಾಗಿ ನೇಮಿಸಲಾಯಿತು. ರೈತರು ಧಾರಣೆ, ಹವಾಮಾನ, ಬೇಸಾಯ ಕ್ರಮಗಳನ್ನು ಅಲ್ಲಿ ನೋಡಬಹುದಾಗಿತ್ತು. ಬೇಕೆನಿಸಿದರೆ ಫಸಲನ್ನು ಕಂಪನಿಯ ಖರೀದಿ ಕೇಂದ್ರಕ್ಕೇ ಒಯ್ಯಬಹುದಾಗಿತ್ತು. 2010ರಲ್ಲಿ ಪ್ರಕಟವಾದ ಅಪರಾಜಿತಾ ಗೋಯಲ್ ಅವರ ಅಧ್ಯಯನದಂತೆ, ಈ ಕೇಂದ್ರಗಳು ಬಂದ ಜಿಲ್ಲೆಗಳ ಮಂಡಿಗಳಲ್ಲಿ ಸೋಯಾಬೀನ್ ಧಾರಣೆ ಶೇ. 1ರಿಂದ 3ರಷ್ಟು ಏರಿತು. ಕಂಪನಿಗೆ ಮಾರದೆ ಮಂಡಿಗೇ ಹೋದ ರೈತನಿಗೂ ಲಾಭವಾಯಿತು.

ಇದಕ್ಕೆ ಹೋಲಿಸಬೇಕಾದದ್ದು 2007ರಲ್ಲಿ ಮಹಾರಾಷ್ಟ್ರದಲ್ಲಿ ಆರಂಭವಾದ ರಾಯಿಟರ್ಸ್ ಮಾರ್ಕೆಟ್ ಲೈಟ್. ಚಂದಾ ಕೊಟ್ಟ ರೈತನಿಗೆ ಧಾರಣೆ, ಹವಾಮಾನ ಮತ್ತು ಬೆಳೆ ಸಲಹೆಗಳನ್ನು ಎಸ್‌ಎಂಎಸ್ ಮೂಲಕ ಕಳುಹಿಸುತ್ತಿದ್ದ ಸೇವೆ ಇದು. ಫಾಫ್‌ಶಾಂಪ್ ಮತ್ತು ಮಿಂಟನ್ ಎಂಬ ಅರ್ಥಶಾಸ್ತ್ರಜ್ಞರು ಅಲ್ಲಿನ 100 ಹಳ್ಳಿಗಳಲ್ಲಿ ಪರೀಕ್ಷಿಸಿದಾಗ, ರೈತರಿಗೆ ದೊರೆತ ಬೆಲೆಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಎರಡೂ ಕಡೆ ಮಾಹಿತಿ ಇತ್ತು. ಒಂದು ಕಡೆ ಮಾತ್ರ ಮಾಹಿತಿಯ ಜೊತೆಗೆ ಎರಡನೆಯ ಖರೀದಿದಾರನೂ ಇದ್ದ. ಮುಂಗಡ ಪಡೆದು ಒಂದೇ ಅಡತಿ ಅಂಗಡಿಗೆ ಕಟ್ಟುಬಿದ್ದ ರೈತನಿಗೆ ದೂರದ ಪೇಟೆಯ ಧಾರಣೆ ತಿಳಿದು ಆಗಬೇಕಾದದ್ದೇನು ಎಂಬುದನ್ನು ದಲಾಲಿ ವ್ಯಾಪಾರ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಈ ವ್ಯವಹಾರಕ್ಕೆ ಇಳಿಯಬಯಸುವ ಸದಸ್ಯರು ಕೆಲವು ಸಂಗತಿಗಳನ್ನು ಗಮನಿಸಬೇಕು. ಗೊಬ್ಬರ-ಔಷಧಿ ವ್ಯಾಪಾರಿಗಳಿಗಾಗಿ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆಯು 2003ರಲ್ಲಿ ಆರಂಭಿಸಿದ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಇದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಪ್ರತಿದಿನ ಪ್ರಶ್ನೆಗಳನ್ನು ಎದುರಿಸುವವರಿಗೆ ಇದು ಯಾವ ಆ್ಯಪ್‌ಗಿಂತಲೂ ಮೊದಲು ಬೇಕಾದದ್ದು ಎಂದು ನನ್ನ ಅಭಿಪ್ರಾಯ. ರೈತರಿಗೆ ಸಾಮೂಹಿಕವಾಗಿ ಎಸ್‌ಎಂಎಸ್ ಕಳುಹಿಸುವವರು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2018ರ ನಿಯಮಾವಳಿಯಂತೆ ತಮ್ಮ ಹೆಸರನ್ನೂ ಸಂದೇಶದ ನಮೂನೆಯನ್ನೂ ಮುಂಚಿತವಾಗಿ ನೋಂದಾಯಿಸಿಕೊಳ್ಳಬೇಕು.

ತೆರಿಗೆಯ ವಿಷಯದಲ್ಲಿ ಎರಡು ಮಾತು. 2017ರ ಜಿಎಸ್‌ಟಿ ಅಧಿಸೂಚನೆ ಸಂಖ್ಯೆ 12ರ 54ನೆಯ ನಮೂದಿನಂತೆ ‘ಕೃಷಿ ವಿಸ್ತರಣಾ ಸೇವೆ’ಗೆ ವಿನಾಯಿತಿಯಿದೆ. ಅಲ್ಲಿನ ವ್ಯಾಖ್ಯೆಯು ವೈಜ್ಞಾನಿಕ ಸಂಶೋಧನೆ ಮತ್ತು ಜ್ಞಾನವನ್ನು ರೈತ ಶಿಕ್ಷಣ ಅಥವಾ ತರಬೇತಿಯ ಮೂಲಕ ಬೇಸಾಯಕ್ಕೆ ಅನ್ವಯಿಸುವುದನ್ನು ಮಾತ್ರ ಕುರಿತದ್ದು. ಬರೀ ಧಾರಣೆ ತಿಳಿಸುವ ಚಂದಾ ಸೇವೆಯೂ, ಆ್ಯಪ್‌ನಲ್ಲಿ ಔಷಧಿ ಕಂಪನಿಗಳಿಂದ ಪಡೆಯುವ ಜಾಹೀರಾತು ಶುಲ್ಕವೂ ಈ ವ್ಯಾಖ್ಯೆಯೊಳಗೆ ಬರುತ್ತವೆಂದು ಭಾವಿಸಿ ತೆರಿಗೆ ವಸೂಲಿ ಮಾಡದಿರುವುದು ಅಪಾಯಕರ. ಬಿಲ್ಲಿನಲ್ಲಿ ಅವನ್ನು ಬೇರೆ ಬೇರೆಯಾಗಿಯೇ ತೋರಿಸಬೇಕು. ಇನ್ನು 1961ರ ಆದಾಯ ತೆರಿಗೆ ಕಾಯಿದೆಯ 35ಸಿಸಿಸಿ ಕಲಮಿನಲ್ಲಿ, ಅಧಿಸೂಚಿತ ಕೃಷಿ ವಿಸ್ತರಣಾ ಯೋಜನೆಗಳ ವೆಚ್ಚದ ಒಂದೂವರೆ ಪಟ್ಟನ್ನು ಲಾಭದಿಂದ ಕಳೆಯುವ ಅವಕಾಶವಿತ್ತು. 2020-21ನೆಯ ಹಣಕಾಸು ವರ್ಷದಿಂದ ಅದು ಮಾಡಿದ ವೆಚ್ಚದಷ್ಟಕ್ಕೇ ಇಳಿಯಿತು. ಹಳೆಯ ಕರಪತ್ರಗಳನ್ನು ನಂಬಿ ಶೇ. 150ರ ಲೆಕ್ಕದ ಮೇಲೆ ಯೋಜನಾ ವರದಿಯನ್ನು ಸಿದ್ಧಪಡಿಸಿಕೊಂಡವರು ಬ್ಯಾಂಕಿಗೆ ಸಲ್ಲಿಸುವ ಮುನ್ನ ಅದನ್ನು ತಿದ್ದಿಕೊಳ್ಳತಕ್ಕದ್ದು.